ಹಳೆಯ ಕ್ಯಾನ್ವಾಸ್ ಕನೂ: ಗುರುತು ಹಿಡಿಯುವುದು, ರಿಪೇರಿ ಮಾಡುವುದು, ನೀರಿಗಿಳಿಸುವುದು

ಅಮೆರಿಕದ ಈಶಾನ್ಯ ಮೂಲೆಯಲ್ಲೋ ಕೆನಡಾದ ಒಂಟಾರಿಯೊದಲ್ಲೋ ಕೆರೆ ದಂಡೆಯ ಹಳೇ ಮನೆ ಕೊಂಡವರಿಗೆ ಕೆಲವೊಮ್ಮೆ ಮನೆಯ ಜೊತೆ ದೋಣಿಯೊಂದು ಬಿಟ್ಟಿ ಬರುತ್ತದೆ. ಶೆಡ್ಡಿನ ತೊಲೆಗಳ ಮೇಲೆ ಬೋರಲು ಮಲಗಿರುತ್ತದೆ. ಮೇಲೆಲ್ಲ ಧೂಳು, ಹಕ್ಕಳೆ ಎದ್ದ ಹಸಿರು ಬಣ್ಣ, ಒಂದು ಕಡೆ ಬಟ್ಟೆ ಹರಿದು ಒಳಗಿನ ಮರ ಇಣುಕುತ್ತಿರುತ್ತದೆ. ಮಾರುವವರಿಗೆ ಅದನ್ನು ಸಾಗಿಸುವುದೇ ತಲೆನೋವು, ಹಾಗಾಗಿ ಬಿಟ್ಟು ಹೋಗುತ್ತಾರೆ. ಬಾಸ್ಟನ್, ಟೊರೊಂಟೊ ಸುತ್ತಮುತ್ತ ನೆಲೆಸಿರುವ ನಮ್ಮವರಲ್ಲಿ ಯಾರಿಗೇ ಇಂಥದ್ದು ಸಿಕ್ಕರೂ ಮೊದಲು ಏಳುವ ಪ್ರಶ್ನೆಗಳು ಒಂದೇ: ಇದು ಯಾವ ಕಾಲದ್ದು? ಬೆಲೆಬಾಳುತ್ತದೆಯೇ? ಹರಿದದ್ದನ್ನು ಸರಿಮಾಡಬಹುದೇ, ಅಥವಾ ಸೌದೆಗೆ ಹಾಕುವುದೇ?

ಸೌದೆಗೆ ಹಾಕಬೇಡಿ. ಮುಕ್ಕಾಲು ಪಾಲು ಉತ್ತರ ಆ ದೋಣಿಯ ಮೈಮೇಲೇ ಇದೆ.

ಕನೂ ಎಂದರೆ ಯಾವ ದೋಣಿ

ಎರಡೂ ತುದಿ ಚೂಪಾಗಿರುವ, ಉದ್ದನೆಯ, ಕಿರಿದಾದ, ಮೇಲ್ಭಾಗ ತೆರೆದಿರುವ ಹಗುರ ದೋಣಿಯೇ ಕನೂ. ಸಾಮಾನ್ಯವಾಗಿ 15ರಿಂದ 18 ಅಡಿ ಉದ್ದ, ನಡುವೆ ಮೂರಡಿಯಷ್ಟು ಅಗಲ. ಹುಟ್ಟನ್ನು ದೋಣಿಯ ಅಂಚಿಗೆ ಸಿಕ್ಕಿಸುವುದಿಲ್ಲ. ಎರಡೂ ಕೈಯಲ್ಲಿ ಹಿಡಿದು, ಹೋಗುವ ದಿಕ್ಕಿಗೆ ಮುಖಮಾಡಿ ಹಾಕುತ್ತಾರೆ. ಇದೇ ಜಾತಿಯ ಕಯಾಕಿನಲ್ಲಿ ಮೇಲ್ಭಾಗ ಮುಚ್ಚಿರುತ್ತದೆ, ಹುಟ್ಟಿಗೆ ಎರಡೂ ಕಡೆ ಅಲಗು ಇರುತ್ತದೆ.

ನಾವು ಮಾತಾಡುತ್ತಿರುವುದು ಕನೂಗಳಲ್ಲಿ ಒಂದೇ ಬಗೆಯದ್ದು: ಮರದ ಒಡಲು, ಅದರ ಹೊರಗೆ ಬಿಗಿಯಾಗಿ ಎಳೆದು ಬಣ್ಣ ಬಳಿದ ಕ್ಯಾನ್ವಾಸ್ ಬಟ್ಟೆ. ಹಂಪಿ, ಆನೆಗೊಂದಿಯ ಕಡೆ ಹರಿಗೋಲು ಹತ್ತಿದವರಿಗೆ ಇದರ ತತ್ವ ಬಿಡಿಸಿ ಹೇಳಬೇಕಿಲ್ಲ. ಬಿದಿರಿನ ಹೆಣಿಗೆ ಆಕಾರ ಕೊಡುತ್ತದೆ, ಭಾರ ಹೊರುತ್ತದೆ. ಹೊರಗಿನ ಹೊದಿಕೆ, ಹಿಂದೆ ತೊಗಲು, ಈಗ ಪ್ಲಾಸ್ಟಿಕ್ಕು, ನೀರನ್ನು ತಡೆಯುತ್ತದೆ, ಅಷ್ಟೆ. ಹೊದಿಕೆ ಹರಿದರೆ ಹರಿಗೋಲನ್ನು ಯಾರೂ ಎಸೆಯುವುದಿಲ್ಲ, ಹೊದಿಕೆ ಬದಲಿಸುತ್ತಾರೆ. ಕ್ಯಾನ್ವಾಸ್ ಕನೂವಿನ ವಿಷಯದಲ್ಲಿ ಹೊಸಬರು ಮರೆಯುವುದು ಇದೊಂದನ್ನೇ. ದೋಣಿ ಎಂದರೆ ಒಳಗಿನ ಮರ. ಬಟ್ಟೆ ಬದಲಾಗಲೆಂದೇ ಇರುವಂಥದ್ದು.

ತೊಗಟೆ ಹೋಗಿ ಬಟ್ಟೆ ಬಂತು

ಉತ್ತರ ಅಮೆರಿಕದ ಮೂಲನಿವಾಸಿಗಳು ಭೂರ್ಜ ಮರದ ತೊಗಟೆಯಲ್ಲಿ ಕನೂ ಕಟ್ಟುತ್ತಿದ್ದರು. ಮೊದಲು ದೊಡ್ಡ ತೊಗಟೆಯ ಹಾಳೆಯನ್ನು ನೆಲದ ಮೇಲೆ ಹಾಸಿ, ಅಂಚು ಎತ್ತಿ ನಿಲ್ಲಿಸಿ, ಒಳಗೆ ತೆಳು ಸೀಳುಗಳನ್ನಿಟ್ಟು, ಕೊನೆಗೆ ಬಾಗಿಸಿದ ಪಕ್ಕೆಲುಬುಗಳನ್ನು ಬಿಗಿಯಾಗಿ ಕೂರಿಸುತ್ತಿದ್ದರು. ಅಂದರೆ ಕೆಲಸ ಚರ್ಮದಿಂದ ಶುರುವಾಗಿ ಎಲುಬಿನಲ್ಲಿ ಮುಗಿಯುತ್ತಿತ್ತು. ಮೇನ್ ರಾಜ್ಯದ ಪೆನೊಬ್‌ಸ್ಕಾಟ್ ನದಿಯ ಉದ್ದಕ್ಕೂ ಆ ಹೆಸರಿನ ಜನಾಂಗದವರೇ ಇದರಲ್ಲಿ ಪಳಗಿದವರು.

ಹತ್ತೊಂಬತ್ತನೇ ಶತಮಾನದ ಉತ್ತರಾರ್ಧಕ್ಕೆ ಬರುವಾಗ ಅಷ್ಟು ದೊಡ್ಡ, ದೋಷವಿಲ್ಲದ ತೊಗಟೆ ಸಿಗುವುದು ಕಷ್ಟವಾಯಿತು. ಬೇಟೆಗೆ, ಮೀನು ಹಿಡಿಯಲು ಬರುವ ಪಟ್ಟಣದವರಿಂದ ಕನೂವಿಗೆ ಬೇಡಿಕೆ ಮಾತ್ರ ಏರುತ್ತಲೇ ಇತ್ತು. ಹಳೆಯ ತೊಗಟೆಯ ದೋಣಿಗಳಿಗೆ ಬಟ್ಟೆಯ ತೇಪೆ ಹಾಕಿ ಬಣ್ಣ ಬಳಿಯುವ ರೂಢಿ ಬಂತು. ಅಲ್ಲಿಂದ ಇಡೀ ದೋಣಿಗೇ ಬಟ್ಟೆ ಹೊದಿಸುವುದು ಒಂದೇ ಹೆಜ್ಜೆ. ಇಂಥ ದೋಣಿಗಳನ್ನು ಮಾರಾಟಕ್ಕೆಂದೇ ಕಟ್ಟಿದ ಮೊದಲಿಗರಲ್ಲಿ ಬ್ಯಾಂಗರ್ ಪಟ್ಟಣದ ಇವಾನ್ ಗೆರಿಷ್ ಹೆಸರು ಬರುತ್ತದೆ. ಕಾಲ 1870ರ ದಶಕದ ಕೊನೆಯ ಆಸುಪಾಸು. ಆಮೇಲೆ ಅದೇ ನದಿಯ ಪಕ್ಕದಲ್ಲಿ ಇ. ಎಂ. ವೈಟ್, ವೀಜಿ ಊರಿನ ಬಿ. ಎನ್. ಮಾರಿಸ್ ಬಂದರು. ಓಲ್ಡ್ ಟೌನ್ ಊರಿನ ಕಬ್ಬಿಣದ ಸಾಮಾನಿನ ಅಂಗಡಿಯೊಂದರ ಹಿಂಬದಿಯಲ್ಲಿ ಓಲ್ಡ್ ಟೌನ್ ಕನೂ ಕಂಪನಿ ಹುಟ್ಟಿತು. ಕಂಪನಿ ತನ್ನ ಆರಂಭದ ವರ್ಷ 1898 ಎನ್ನುತ್ತದೆ. ಪೆನೊಬ್‌ಸ್ಕಾಟರ ಊರಾದ ಇಂಡಿಯನ್ ಐಲೆಂಡ್ ಇರುವುದು ಓಲ್ಡ್ ಟೌನಿನ ಎದುರಿಗೇ, ನದಿಯ ನಡುವೆ. ತೊಗಟೆಯ ದೋಣಿ ಕಟ್ಟಿದ ಜನಾಂಗದವರೂ ಈ ಕಾರ್ಖಾನೆಗಳಲ್ಲಿ ದುಡಿದರು.

ಕೆನಡಾದಲ್ಲಿ ಇದೇ ಕೆಲಸವನ್ನು ದೊಡ್ಡದಾಗಿ ಮಾಡಿದ್ದು ನ್ಯೂ ಬ್ರನ್ಸ್‌ವಿಕ್‌ನ ಫ್ರೆಡೆರಿಕ್ಟನ್‌ನಲ್ಲಿದ್ದ ಚೆಸ್ಟ್‌ನಟ್ ಕಂಪನಿ. ಮೇನ್‌ನಿಂದ ತಂದ ಕನೂವೇ ಅವರಿಗೆ ಮಾದರಿ. ಭೂಸರ್ವೇಕ್ಷಣೆಯವರು, ಗಣಿ ಹುಡುಕುವವರು, ತುಪ್ಪಳದ ವ್ಯಾಪಾರಿಗಳು ಉತ್ತರದ ಕಾಡುಗಳಿಗೆ ಹೊರಟದ್ದು ಅವರ 'ಪ್ರಾಸ್ಪೆಕ್ಟರ್' ಮಾದರಿಯಂಥ ಆಳವಾದ, ಭಾರ ಹೊರುವ ದೋಣಿಗಳಲ್ಲಿ.

ಎರಡನೇ ಮಹಾಯುದ್ಧ ಮುಗಿದದ್ದೇ ತಡ, ವಿಮಾನ ತಯಾರಿಸುತ್ತಿದ್ದ ಗ್ರಮ್ಮನ್ ಕಂಪನಿ ಅಲ್ಯೂಮಿನಿಯಂ ಕನೂಗಳನ್ನು ಮಾರುಕಟ್ಟೆಗೆ ತಂದಿತು. ಬಂಡೆಗೆ ತಾಗಿದರೂ ಚಿಂತೆಯಿಲ್ಲ, ಬಣ್ಣ ಬಳಿಯಬೇಕಿಲ್ಲ, ಮಳೆಯಲ್ಲಿ ಬಿಟ್ಟರೂ ನಡೆಯುತ್ತದೆ. ಹಿಂದೆಯೇ ಫೈಬರ್‌ಗ್ಲಾಸ್, ಆಮೇಲೆ ಪ್ಲಾಸ್ಟಿಕ್. 1961ರಲ್ಲಿ ಒಂಟಾರಿಯೊದ ಪೀಟರ್‌ಬರೊ ಕನೂ ಕಂಪನಿ ಮುಚ್ಚಿತು. 1970ರ ದಶಕದ ಕೊನೆಗೆ ಚೆಸ್ಟ್‌ನಟ್ ಕೂಡ. ಓಲ್ಡ್ ಟೌನ್ ಪ್ಲಾಸ್ಟಿಕ್ಕಿಗೆ ಹೊರಳಿ ಉಳಿದುಕೊಂಡಿತು.

ಒಳಗೆ ಏನೇನಿದೆ

ಕಟ್ಟಿದ ಕ್ರಮ ಗೊತ್ತಾದರೆ ಗುರುತು ಹಿಡಿಯುವುದೂ ಸುಲಭ, ರಿಪೇರಿಯ ಲೆಕ್ಕವೂ ಸುಲಭ.

ಕಾರ್ಖಾನೆಯಲ್ಲಿ ದೋಣಿಯ ಆಕಾರದ್ದೇ ಒಂದು ಗಟ್ಟಿ ಮರದ ಅಚ್ಚು ಬೋರಲು ಇರುತ್ತಿತ್ತು. ಅದರ ಮೇಲೆ, ಪಕ್ಕೆಲುಬು ಬರುವ ಕಡೆಯಲ್ಲೆಲ್ಲ ಲೋಹದ ಪಟ್ಟಿ. ಮೊದಲು ಎರಡು ತುದಿಗೆ ಬಾಗಿಸಿದ ಮೂತಿಮರಗಳನ್ನೂ ಉದ್ದಕ್ಕೆ ಒಳ ಅಂಚುಪಟ್ಟಿಗಳನ್ನೂ ಅಚ್ಚಿಗೆ ಹೊಂದಿಸುತ್ತಾರೆ. ಬಿಳಿ ಸೀಡರ್ ಮರದ ಪಕ್ಕೆಲುಬುಗಳನ್ನು ಹಬೆಯಲ್ಲಿ ಬೇಯಿಸಿ, ಬಿಸಿ ಆರುವ ಮುಂಚೆ ಇಬ್ಬರು ಆಚೆ ಈಚೆ ನಿಂತು ಅಚ್ಚಿನ ಮೇಲೆ ಬಗ್ಗಿಸಿ ಹೊಡೆಯುತ್ತಾರೆ. ಅದರ ಮೇಲೆ ಉದ್ದುದ್ದ ಸೀಡರ್ ಹಲಗೆಗಳು; ದಪ್ಪ ಬರೀ 4 ಮಿ.ಮೀ. ಆಸುಪಾಸು. ಹಲಗೆಗೆ ಹೊಡೆಯುವ ಸಣ್ಣ ಹಿತ್ತಾಳೆ ಮೊಳೆ ಪಕ್ಕೆಲುಬನ್ನು ದಾಟಿ ಕೆಳಗಿನ ಲೋಹದ ಪಟ್ಟಿಗೆ ತಾಗಿದಾಗ ಅದರ ತುದಿ ಕೊಕ್ಕೆಯಂತೆ ಹಿಂದಕ್ಕೆ ತಿರುಗಿ ಮರದೊಳಗೇ ಕಚ್ಚಿಕೊಳ್ಳುತ್ತದೆ. ಅಂಟು ಇಲ್ಲ. ಒಂದು ದೋಣಿಗೆ ಇಂಥ ಸಾವಿರಾರು ಮೊಳೆ. ದೋಣಿಯ ಒಳಗೆ ಕೂತು ಯಾವುದಾದರೂ ಪಕ್ಕೆಲುಬನ್ನು ಹತ್ತಿರದಿಂದ ನೋಡಿ, ಮೊಳೆ ಮಡಚಿಕೊಂಡ ಕಡೆ ಅಕ್ಕಿನುಚ್ಚಿನ ಗಾತ್ರದ ಹಿತ್ತಾಳೆ ಹೊಳಪು ಸಾಲಾಗಿ ಕಾಣುತ್ತದೆ.

ಈ ಒಡಲನ್ನು ಅಚ್ಚಿನಿಂದ ಬಿಡಿಸಿ, ಉದ್ದನೆಯ ಹತ್ತಿಯ ಕ್ಯಾನ್ವಾಸನ್ನು ಎರಡು ತುದಿಗೆ ಬಿಗಿದು ಜೋತುಬಿಟ್ಟು, ಅದರೊಳಗೆ ದೋಣಿಯನ್ನು ಇಳಿಸಿ ಒತ್ತುತ್ತಾರೆ. ಬಟ್ಟೆಯನ್ನು ಇಕ್ಕಳದಿಂದ ಮೇಲಕ್ಕೆಳೆದು ಅಂಚಿನಲ್ಲಿ ಮೊಳೆ ಹೊಡೆಯುತ್ತಾರೆ. ಹತ್ತಿಯ ನೇಯ್ಗೆಯಲ್ಲಿ ನೀರು ಜಿನುಗದಿರಲು ಅಗಸೆ ಎಣ್ಣೆ, ಸಿಲಿಕಾ ಪುಡಿ, ಬಿಳಿ ಸೀಸ ಬೆರೆಸಿದ ಗಟ್ಟಿ ಲೇಪವನ್ನು ಕೈಯಿಂದ ತಿಕ್ಕಿ ತುಂಬುತ್ತಿದ್ದರು. ಸೀಸ ಬೂಷ್ಟು ಹಿಡಿಯದಂತೆ ಕಾಯುತ್ತಿತ್ತು. ಈ ಲೇಪ ಒಣಗಲು ವಾರಗಟ್ಟಲೆ ಬೇಕು. ಅವಸರ ಮಾಡಿ ಮೇಲೆ ಬಣ್ಣ ಬಳಿದರೆ ಅದು ಸುಕ್ಕುಗಟ್ಟುತ್ತದೆ. ಕೊನೆಗೆ ಹೊರ ಅಂಚುಪಟ್ಟಿ, ಅಡ್ಡಪಟ್ಟಿಗಳು, ಬೆತ್ತ ಹೆಣೆದ ಕೂರುಮಣೆ, ಒಳಗೆಲ್ಲ ವಾರ್ನಿಷ್.

ಯಾರು ಕಟ್ಟಿದ್ದು, ಯಾವಾಗ

ಬಣ್ಣ ನೋಡಿ ಏನನ್ನೂ ನಿರ್ಧರಿಸಬೇಡಿ. ನೂರು ವರ್ಷದ ದೋಣಿ ಎರಡು ಮೂರು ಸಲ ಬಟ್ಟೆ ಬದಲಿಸಿರುತ್ತದೆ, ಬಣ್ಣವನ್ನು ಅದಕ್ಕಿಂತ ಹೆಚ್ಚು ಸಲ. ಕೂರುಮಣೆಯೂ ನಂಬಿಕೆಗೆ ಅರ್ಹವಲ್ಲ, ಯಾರಾದರೂ ಬದಲಿಸಿರಬಹುದು. ಮೂಲ ಹಾಗೇ ಉಳಿದಿರುವ ಸಾಧ್ಯತೆ ಹೆಚ್ಚಿರುವುದು ಪಕ್ಕೆಲುಬು, ಮೂತಿಮರ, ಮುಚ್ಚುಹಲಗೆಗಳಲ್ಲಿ. ಮುಚ್ಚುಹಲಗೆ ಎಂದರೆ ಎರಡೂ ತುದಿಯಲ್ಲಿ ಅಂಚುಪಟ್ಟಿಗಳ ನಡುವೆ ಕೂರುವ ತ್ರಿಕೋನಾಕಾರದ ಚಿಕ್ಕ ಹಲಗೆ.

ಮೊದಲ ಕೆಲಸ, ಟಾರ್ಚ್ ಹಿಡಿದು ಮೊಣಕಾಲೂರಿ ತುದಿಯೊಳಗೆ ತಲೆ ತೂರಿಸುವುದು. ನೆಲಮಟ್ಟದಲ್ಲಿ, ಮೂತಿಮರದ ಒಳಮುಖದಲ್ಲಿ ಅಂಕಿಗಳನ್ನು ಒತ್ತಿರುತ್ತಾರೆ. ಓಲ್ಡ್ ಟೌನ್ ದೋಣಿಯಾದರೆ ಐದೋ ಆರೋ ಅಂಕಿಯ ಸಂಖ್ಯೆ, ಕೊಂಚ ಜಾಗ ಬಿಟ್ಟು ಇನ್ನೆರಡು ಅಂಕಿ. ಆ ಕೊನೆಯ ಎರಡಂಕಿ ದೋಣಿಯ ಉದ್ದ, ಅಡಿಯಲ್ಲಿ: 15, 16, 17, 18. ಹತ್ತಾರು ಪದರ ವಾರ್ನಿಷ್ ತುಂಬಿ ಅಂಕಿ ಮಸುಕಾಗಿದ್ದರೆ ಮರಳು ಕಾಗದ ಹಾಕಿ ಉಜ್ಜಬೇಡಿ, ಉಜ್ಜಿದರೆ ಸಂಖ್ಯೆಯೇ ಹೋಗುತ್ತದೆ. ಟಾರ್ಚನ್ನು ಪಕ್ಕದಿಂದ, ಬಹುತೇಕ ಮರಕ್ಕೆ ತಾಗಿಸಿ ಹಿಡಿಯಿರಿ. ನೆರಳಿನಲ್ಲಿ ಅಂಕಿಗಳು ಎದ್ದು ಕಾಣುತ್ತವೆ. ತೆಳು ಕಾಗದವಿಟ್ಟು ಮೆತ್ತನೆಯ ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳುವುದೂ ಉಂಟು. ಅದೇ ಸಂಖ್ಯೆ ಇನ್ನೊಂದು ತುದಿಯಲ್ಲೂ ಇರುತ್ತದೆ, ಒಂದು ಕಡೆ 3 ಎಂದು ಓದಿದ್ದು ಇನ್ನೊಂದು ಕಡೆ 8 ಆಗಿರಬಹುದು.

ಸಂಖ್ಯೆ ಇದ್ದ ಮಾತ್ರಕ್ಕೆ ಓಲ್ಡ್ ಟೌನ್ ಎಂದಲ್ಲ. 1910ರಲ್ಲಿ ಓಲ್ಡ್ ಟೌನ್‌ನವರು ಕೊಂಡುಕೊಂಡ ಕಾರ್ಲ್‌ಟನ್, ವಾಟರ್‌ವಿಲ್ ಊರಿನ ಕೆನೆಬೆಕ್ ಕಂಪನಿಗಳೂ ಸಂಖ್ಯೆ ಹಾಕುತ್ತಿದ್ದವು. ಮಾರಿಸ್ ದೋಣಿಗಳಲ್ಲಿ ಸಂಖ್ಯೆ ಇರುವುದು ಒಳ ಅಂಚುಪಟ್ಟಿಗೆ ಹೊಡೆದ ಪುಟ್ಟ ಹಿತ್ತಾಳೆ ತಗಡಿನ ಮೇಲೆ. ತಗಡು ಕಳೆದುಹೋಗಿದ್ದರೂ ಅದರ ಮೊಳೆಯ ತೂತುಗಳು ಸಿಗಬಹುದು. ಮಾರಿಸ್‌ನ ಮತ್ತೊಂದು ಗುರುತು ಮೂತಿಮರದ ಬುಡ: ದೋಣಿಯ ತಳ ಸೇರುವಲ್ಲಿ ಅದು ಬೀಸಣಿಗೆಯಂತೆ ಅಗಲವಾಗುತ್ತದೆ, ಬೇರೆಯವರದ್ದು ಹೆಚ್ಚಾಗಿ ಕಿರಿದಾಗಿಯೇ ಕೊನೆಗೊಳ್ಳುತ್ತದೆ. ಮುಚ್ಚುಹಲಗೆಯ ಹೃದಯಾಕಾರದ ಕೊರೆತವನ್ನೂ ಮಾರಿಸ್‌ನ ಗುರುತು ಎನ್ನುವವರಿದ್ದಾರೆ. ಆದರೆ ಆ ಆಕಾರ ಬೇರೆ ಕೆಲವರೂ ಬಳಸಿದ್ದು, ಅದೊಂದನ್ನೇ ಹಿಡಿದುಕೊಂಡರೆ ದಾರಿ ತಪ್ಪುತ್ತದೆ. ವೈಟ್, ಚೆಸ್ಟ್‌ನಟ್ ದೋಣಿಗಳಲ್ಲಿ ಸಂಖ್ಯೆಯನ್ನು ನೆಚ್ಚುವಂತಿಲ್ಲ. ಅಲ್ಲಿ ಆಕಾರ, ಅಳತೆ, ಮುಚ್ಚುಹಲಗೆಯ ಮೇಲೆ ಉಳಿದ ಲೇಬಲ್ಲಿನ ಚೂರೇ ಸಾಕ್ಷಿ.

ಕಾಲ ಅಂದಾಜಿಸಲು ಅಂಚುಪಟ್ಟಿ ನೋಡಿ. ತೀರ ಹಳೆಯ ದೋಣಿಗಳಲ್ಲಿ ಪಕ್ಕೆಲುಬಿನ ತುದಿಗಳು ಕಾಣದಂತೆ ಮೇಲೊಂದು ಪಟ್ಟಿ ಮುಚ್ಚಿರುತ್ತದೆ. ಇದು ಮುಚ್ಚಿದ ಅಂಚು. ಇಪ್ಪತ್ತನೇ ಶತಮಾನದ ಮೊದಲ ದಶಕದಿಂದ ತೆರೆದ ಅಂಚು ಬರತೊಡಗಿತು. ಇದರಲ್ಲಿ ಒಳಪಟ್ಟಿ, ಹೊರಪಟ್ಟಿಗಳ ನಡುವೆ ಪಕ್ಕೆಲುಬಿನ ತುದಿಗಳು ನೇರವಾಗಿ ಕಾಣುತ್ತವೆ, ಮಧ್ಯೆ ಸಾಲಾಗಿ ಸಂದಿಗಳಿರುತ್ತವೆ. ದೋಣಿ ಮಗುಚಿದರೆ ನೀರು, ಮರಳು ಆ ಸಂದಿಗಳಿಂದ ಹೊರಬೀಳುತ್ತದೆ, ಮರ ಬೇಗ ಒಣಗುತ್ತದೆ. ಮುಚ್ಚಿದ ಅಂಚಿನ ದೋಣಿ ಸಿಕ್ಕರೆ ಅದು ಮೊದಲ ಮಹಾಯುದ್ಧಕ್ಕಿಂತ ಹಿಂದಿನದ್ದಿರುವ ಸಾಧ್ಯತೆ ಹೆಚ್ಚು.

ತಿರುಪುಗಳೂ ಮಾತಾಡುತ್ತವೆ. ತಲೆಯ ಮೇಲೆ ಒಂದೇ ಗೀರು ಇರುವ ಹಿತ್ತಾಳೆ ತಿರುಪು ಹಳೆಯದು. ಅಧಿಕ ಚಿಹ್ನೆಯ ಫಿಲಿಪ್ಸ್ ತಿರುಪು ಬಳಕೆಗೆ ಬಂದದ್ದೇ 1930ರ ದಶಕದ ನಡುವೆ. 1910ರ ದೋಣಿಯಲ್ಲಿ ಅದು ಕಂಡರೆ ಅಲ್ಲಿ ಯಾರೋ ರಿಪೇರಿ ಮಾಡಿದ್ದಾರೆ ಎಂದರ್ಥ.

ಇನ್ನೊಂದು ಗೊಂದಲ: ಹೊರಗಿನಿಂದಲೂ ಮರವೇ ಹೊಳೆಯುತ್ತಿದ್ದರೆ ಅದು ಕ್ಯಾನ್ವಾಸ್ ಕನೂ ಅಲ್ಲ. ಪೀಟರ್‌ಬರೊ ಕಡೆ ಬಟ್ಟೆಯಿಲ್ಲದ, ಪೂರ್ತಿ ಮರದ ಕನೂಗಳನ್ನು ಕಟ್ಟುತ್ತಿದ್ದರು. ಒಳಗೆ ಪಕ್ಕೆಲುಬೇ ಇಲ್ಲದೆ, ತೆಳು ಪಟ್ಟಿಗಳನ್ನು ಅಂಟಿಸಿ ಪಾರದರ್ಶಕ ಫೈಬರ್‌ಗ್ಲಾಸ್ ಹೊದಿಸಿದ್ದರೆ ಅದು ಈಚಿನ ಕಾಲದ್ದು.

ಒಂದು ಕಾರ್ಡಿನಲ್ಲಿ ಅಡಗಿರುವುದು

ಓಲ್ಡ್ ಟೌನ್ ದೋಣಿಗಳಿಗೆ ಇರುವ ಅದೃಷ್ಟ ಬೇರೆಯವಕ್ಕಿಲ್ಲ. ಕಾರ್ಖಾನೆ ಪ್ರತಿ ದೋಣಿಗೂ ಒಂದು ಕಾರ್ಡು ಬರೆದಿಟ್ಟಿತ್ತು, ಅವು ಉಳಿದುಬಂದಿವೆ. ಎರಡು ಲಕ್ಷಕ್ಕೂ ಹೆಚ್ಚು. ಮಾದರಿ, ದರ್ಜೆ, ಉದ್ದ, ಹಲಗೆ ಯಾವ ಮರ, ಅಂಚು ಯಾವ ಮರ, ಬಟ್ಟೆ ಹೊದಿಸಿದ ದಿನ, ಲೇಪ ಹಾಕಿದ ದಿನ, ಬಣ್ಣ, ಕೊನೆಗೆ ಯಾವ ಊರಿಗೆ ಯಾವ ದಿನ ಕಳಿಸಿದ್ದು, ಎಲ್ಲ ಕೈಬರಹದಲ್ಲಿ. ಮಾದರಿಗೆ ಅಕ್ಷರ ಸಂಕೇತ: 'ಎಚ್‌ಡಬ್ಲ್ಯು' ಎಂದರೆ ಅಲೆಯೆದ್ದ ನೀರಿಗೆ ಎಂದು ಮಾಡಿದ್ದು. ದರ್ಜೆಯಲ್ಲಿ 'ಎಎ' ಮೇಲಿನದ್ದು, 'ಸಿಎಸ್' ಸಾಮಾನ್ಯದ್ದು.

1979ರಲ್ಲಿ ಹುಟ್ಟಿದ ವುಡನ್ ಕನೂ ಹೆರಿಟೇಜ್ ಅಸೋಸಿಯೇಷನ್ ಎಂಬ ಆಸಕ್ತರ ಸಂಘಟನೆಯವರು ಈ ಕಾರ್ಡುಗಳನ್ನು ಸ್ಕ್ಯಾನ್ ಮಾಡಿ ಇಟ್ಟುಕೊಂಡಿದ್ದಾರೆ. ಸಂಖ್ಯೆ ಕೊಟ್ಟರೆ ಕಾರ್ಡು ಹುಡುಕಿಕೊಡುತ್ತಾರೆ. ಕಾರ್ಡು ಸಿಕ್ಕ ಮೇಲೂ ಒಂದು ತಾಳೆ ನೋಡಬೇಕು. ಕಾರ್ಡು 17 ಅಡಿ, ಮಹಾಗನಿ ಅಂಚು ಎನ್ನುತ್ತದೆ. ನಿಮ್ಮ ಶೆಡ್ಡಿನದ್ದು 16 ಅಡಿ, ಸ್ಪ್ರೂಸ್ ಅಂಚು. ಹಾಗಾದರೆ ಸಂಖ್ಯೆ ತಪ್ಪು ಓದಿದ್ದೀರಿ, ಇಲ್ಲವೇ ದೋಣಿ ಬೇರೆ ಕಂಪನಿಯದ್ದು. ಮಾರಿಸ್ ದೋಣಿಗಳಿಗೆ ಇಂಥ ಸುಖವಿಲ್ಲ; 1919ರ ಡಿಸೆಂಬರಿನಲ್ಲಿ ಆ ಕಾರ್ಖಾನೆಯೇ ಸುಟ್ಟುಹೋಯಿತು.

ಜೋಡಿಗಳ ದೋಣಿ

ಎಲ್ಲ ಕನೂಗಳೂ ಕಾಡಿಗೆ ಹೋದವಲ್ಲ. ಬಾಸ್ಟನ್ನಿನ ಪಶ್ಚಿಮಕ್ಕೆ, ನ್ಯೂಟನ್ ಮತ್ತು ವಾಲ್ಥಮ್ ನಡುವಿನ ಚಾರ್ಲ್ಸ್ ನದಿಯಲ್ಲಿ 1890ರ ದಶಕದಿಂದ ಮೊದಲ ಮಹಾಯುದ್ಧದವರೆಗೆ ಕನೂ ಹುಚ್ಚು ಹೇಗಿತ್ತೆಂದರೆ, ರಜಾದಿನಗಳ ಫೋಟೊಗಳಲ್ಲಿ ನೀರೇ ಕಾಣುವುದಿಲ್ಲ. 1897ರಲ್ಲಿ ಅಲ್ಲಿ ನೊರಂಬೆಗಾ ಪಾರ್ಕ್ ತೆರೆಯಿತು. ಕಾವಲಿಗೆ ಯಾರೂ ಇಲ್ಲದೆ ಹುಡುಗ ಹುಡುಗಿ ಒಟ್ಟಿಗೆ ಇರಬಹುದಾದ ಜಾಗ ಆ ಕಾಲದಲ್ಲಿ ಇನ್ನೆಲ್ಲಿತ್ತು? ಹಾಗಾಗಿ ಕಂಪನಿಗಳು ಇದಕ್ಕೆಂದೇ ದೋಣಿ ಕಟ್ಟಿದವು: ಉದ್ದನೆಯ ಮುಚ್ಚುಹಲಗೆ, ಮಹಾಗನಿ ಅಂಚು, ಮೇಲಕ್ಕೆ ಬಾಗಿದ ತುದಿಗಳು. ಹುಡುಗಿ ದಿಂಬಿಗೊರಗಿ ಹುಟ್ಟು ಹಾಕುವವನ ಕಡೆಗೇ ಮುಖಮಾಡಿ ಕೂರುತ್ತಿದ್ದಳು. ಕೆಲವರು ಗ್ರಾಮೊಫೋನನ್ನೂ ಹತ್ತಿಸಿಕೊಳ್ಳುತ್ತಿದ್ದರು. ಇಂದು ಸಂಗ್ರಾಹಕರು ಹೆಚ್ಚು ಬೆಲೆ ಕೊಡುವುದು ಇಂಥವಕ್ಕೆ. ಐಟಿ ಕಚೇರಿಗಳಿಗೆ ಹೋಗುವ ನಮ್ಮ ಎಷ್ಟೋ ಜನ 128ನೇ ಹೆದ್ದಾರಿಯಲ್ಲಿ ನದಿ ದಾಟುವುದು ಅದೇ ಜಾಗದಲ್ಲಿ. ಹಳೆಯ ಸಾದಾ ಹಸಿರು ಕನೂ ಸಿಕ್ಕವರು ಬೇಸರಪಡಬೇಕಿಲ್ಲ, ನೀರಿನ ಮೇಲೆ ಅದೇ ಹೆಚ್ಚು ಸುಲಭ.

ಹರಿದ ಬಟ್ಟೆ, ಮುರಿದ ಪಕ್ಕೆಲುಬು

ಹರಿದ ಕ್ಯಾನ್ವಾಸ್ ದೊಡ್ಡ ದೋಷವಲ್ಲ. ನೆರಳಿನಲ್ಲಿಟ್ಟು ಜೋಪಾನ ಮಾಡಿದರೆ ಒಂದು ಹೊದಿಕೆ ಮೂವತ್ತು ನಲವತ್ತು ವರ್ಷ ಬಾಳುತ್ತದೆ, ಆಮೇಲೆ ಬದಲಿಸಬೇಕಾದ್ದೇ. ಒಂದೆರಡು ಪಕ್ಕೆಲುಬು ಬಿರುಕು ಬಿಟ್ಟಿದ್ದರೂ ಹೊಸದನ್ನು ಹಬೆಯಲ್ಲಿ ಬಗ್ಗಿಸಿ ಕೂರಿಸಬಹುದು. ಮೊಳೆಯಲ್ಲೇ ನಿಂತಿರುವ ದೋಣಿಯಾದ್ದರಿಂದ ಯಾವ ಭಾಗವನ್ನು ಬೇಕಾದರೂ ಬಿಚ್ಚಿ ಹಾಕಬಹುದು.

ಚಿಂತೆಗೀಡುಮಾಡುವುದು ತುದಿಗಳು. ಬೋರಲಾಗಿ ನೆಲದ ಮೇಲೇ ಇಟ್ಟ ದೋಣಿಗೆ ಮೂತಿಗಳಲ್ಲಿ ತೇವ ನಿಂತು, ಮೂತಿಮರ, ಒಳ ಅಂಚುಪಟ್ಟಿ, ಮುಚ್ಚುಹಲಗೆ ಮೂರೂ ಸೇರುವ ಜಾಗ ಕೊಳೆಯುತ್ತದೆ. ಅಲ್ಲಿ ದಬ್ಬಳದ ಮೊನೆಯಿಂದ ಮೆಲ್ಲಗೆ ಚುಚ್ಚಿ. ಗಟ್ಟಿಯಿದ್ದರೆ ಸರಿ, ಬೆಣ್ಣೆಗೆ ಇಳಿದಂತೆ ಇಳಿದರೆ ಕೆಲಸ ದೊಡ್ಡದು. ಇನ್ನೊಂದು, ತಳದ ಗೆರೆ. ದೋಣಿಯನ್ನು ಬೋರಲಿಟ್ಟು ತುದಿಯಿಂದ ಕಣ್ಣು ಹಾಯಿಸಿದಾಗ ನಡುವೆ ಹಳ್ಳವೋ ದಿಬ್ಬವೋ ಕಂಡರೆ ಒಡಲೇ ಸೊಟ್ಟಗಾಗಿದೆ. ಅದನ್ನು ಸರಿಪಡಿಸುವುದು ಬಟ್ಟೆ ಬದಲಿಸಿದಷ್ಟು ಸರಳವಲ್ಲ.

ಹಿಂದಿನ ಮಾಲೀಕರು ಬಟ್ಟೆ ಕಿತ್ತು ಫೈಬರ್‌ಗ್ಲಾಸ್ ಮೆತ್ತಿದ್ದಾರೆಯೇ ಎಂದೂ ನೋಡಬೇಕು. 1960-70ರ ದಶಕಗಳಲ್ಲಿ ಇದು ಜಾಣತನ ಎನಿಸಿತ್ತು. ರಾಳ ಮರಕ್ಕೆ ಕಚ್ಚಿಕೊಂಡರೆ ದೋಣಿಯ ಮುಖ್ಯ ಗುಣವೇ ಹೋಗುತ್ತದೆ: ಹೊದಿಕೆ ಬಿಚ್ಚಲಾಗುವುದಿಲ್ಲ. ಒಳಗೆ ಹೋದ ತೇವ ಹೊರಬರದೆ ಮರ ಕೊಳೆಯುತ್ತದೆ. ಅದನ್ನು ತೆಗೆಯಲು ಬಿಸಿಗಾಳಿಯ ಗನ್ ಹಿಡಿದು ಅಂಗುಲ ಅಂಗುಲವಾಗಿ ಕೆರೆಯುವ ಪಾಡು ಬೇಡವೇ ಬೇಡ.

ಹಳೆಯ ಲೇಪದಲ್ಲಿ, ಬಣ್ಣದಲ್ಲಿ ಸೀಸ ಇರುತ್ತದೆ. ಹಾಗಾಗಿ ಯಂತ್ರ ಹಿಡಿದು ಒಣಗಿದ್ದನ್ನು ಉಜ್ಜಬಾರದು, ಮಕ್ಕಳಿರುವ ಮನೆಯಲ್ಲಂತೂ ಕೂಡದು. ಈಗ ಸಿಗುವ ಲೇಪಗಳಲ್ಲಿ ಸೀಸವಿಲ್ಲದವು ಇವೆ.

ಹಣದ ಲೆಕ್ಕ ಕೇಳುವವರಿಗೆ: ಸಾಮಾನ್ಯ ಮಾದರಿಯ ದೋಣಿಯನ್ನು ಕಸುಬುದಾರರಿಂದ ಪೂರ್ತಿ ಸರಿಮಾಡಿಸಿದರೆ ಖರ್ಚು ಅದರ ಮಾರುಕಟ್ಟೆ ಬೆಲೆಯನ್ನು ಮೀರುವುದೇ ಹೆಚ್ಚು. ಲಾಭಕ್ಕೆಂದು ಇದಕ್ಕೆ ಕೈಹಾಕುವವರು ಕಡಿಮೆ.

ನೀರಿಗಿಳಿದ ಮೇಲೆ

ಮರದ ಕನೂವಿನ ಮೊದಲ ವಿಶೇಷ ಅದರ ಸದ್ದಿಲ್ಲದ ನಡಿಗೆ. ಅಲ್ಯೂಮಿನಿಯಂ ದೋಣಿಗೆ ಹುಟ್ಟು ತಾಗಿದರೆ ಪಾತ್ರೆ ಬಿದ್ದಂತೆ ಸದ್ದಾಗುತ್ತದೆ. ಇದರಲ್ಲಿ ಮೆತ್ತಗೆ ದಪ್ಪೆನ್ನುತ್ತದೆ ಅಷ್ಟೆ. ಅಲೆಗೆ ಒಡಲು ತುಸು ಬಾಗಿ ಕೊಡುವುದು ಮೊಣಕಾಲಿಗೆ ತಿಳಿಯುತ್ತದೆ. ಹೌದು, ಮೊಣಕಾಲಿಗೆ, ಕೂರುಮಣೆಗೆ ಒರಗಿ ಮೊಣಕಾಲೂರಿದರೆ ಭಾರ ಕೆಳಗಿಳಿದು ದೋಣಿ ಅಲುಗಾಡುವುದು ಕಡಿಮೆಯಾಗುತ್ತದೆ. ಒಬ್ಬರೇ ಹೋಗುವುದಾದರೆ ಹಿಂದಿನ ಮಣೆಯಲ್ಲಿ ಕೂರಬೇಡಿ, ಮೂತಿ ಆಕಾಶ ನೋಡುತ್ತದೆ. ದೋಣಿಯನ್ನು ಹಿಂದುಮುಂದು ತಿರುಗಿಸಿ, ಮುಂದಿನ ಮಣೆಯಲ್ಲಿ ಹಿಂಭಾಗದ ಕಡೆ ಮುಖಮಾಡಿ ಕೂತರೆ ನಡುವಿಗೆ ಹತ್ತಿರವಾಗುತ್ತೀರಿ. ಒಂದೇ ಕಡೆ ಹುಟ್ಟು ಹಾಕುವಾಗ ದೋಣಿ ಇನ್ನೊಂದು ಕಡೆಗೆ ತಿರುಗುತ್ತದಲ್ಲ, ಅದಕ್ಕೆ ಪ್ರತಿ ಎಳೆತದ ಕೊನೆಯಲ್ಲಿ ಅಲಗನ್ನು ಹೊರಳಿಸಿ ನೀರನ್ನು ಹೊರಕ್ಕೆ ತುಸು ದೂಡಬೇಕು. ಒಂದು ಮಧ್ಯಾಹ್ನದ ಅಭ್ಯಾಸಕ್ಕೆ ಕೈಗೆ ಹತ್ತುತ್ತದೆ.

ಲೈಫ್ ಜಾಕೆಟ್ ಕಡ್ಡಾಯ. ಮೇನ್, ಒಂಟಾರಿಯೊದ ಕೆರೆಗಳಲ್ಲಿ ಮೇ ತಿಂಗಳ ನೀರು ಈಜು ಬಲ್ಲವರನ್ನೂ ನಿಮಿಷಗಳಲ್ಲಿ ಸೋಲಿಸುವಷ್ಟು ತಣ್ಣಗಿರುತ್ತದೆ.

ದಡಕ್ಕೆ ನುಗ್ಗಿಸಿ ನಿಲ್ಲಿಸುವುದು, ಅರ್ಧ ದೋಣಿ ಮರಳಿನ ಮೇಲಿರುವಾಗ ಹತ್ತುವುದು, ಎರಡನ್ನೂ ಮಾಡಬೇಡಿ. ತೇಲುತ್ತಿರುವಾಗಲೇ ಹತ್ತಬೇಕು, ತೇಲುತ್ತಿರುವಾಗಲೇ ಇಳಿಯಬೇಕು. ಕಾಲು ಒದ್ದೆಯಾಗುವುದು ಇದರ ಶುಲ್ಕ. ಚಪ್ಪಲಿಯ ಮರಳು ಪಕ್ಕೆಲುಬಿನ ಸಂದಿಗೆ ಸೇರಿದರೆ ವಾರ್ನಿಷ್ ತಿನ್ನುತ್ತದೆ. 16 ಅಡಿಯ ದೋಣಿ ಸುಮಾರು 32-34 ಕಿಲೋ ತೂಗುತ್ತದೆ, ನೀರು ಕುಡಿದ ಬಟ್ಟೆಯಾದರೆ ಇನ್ನೂ ಹೆಚ್ಚು. ಇಬ್ಬರು ಎತ್ತಿ ಕಾರಿನ ಮೇಲಿಡಬಹುದು.

ದಿನದ ಕೊನೆಗೆ ಬೋರಲು ಹಾಕಿ ಒಣಗಿಸಿ. ಚಳಿಗಾಲಕ್ಕೆ ಹೀಟರ್ ಉರಿಯುವ ನೆಲಮಾಳಿಗೆ ಬೇಡ, ಮರ ಒಣಗಿ ಹಲಗೆಗಳ ಸಂದು ಬಿಡುತ್ತದೆ. ತಣ್ಣನೆಯ ಗರಾಜು ಸಾಕು. ನೆಲಕ್ಕೆ ತಾಗಿಸದೆ, ಅಂಚುಪಟ್ಟಿಗಳ ಮೇಲೆ ಭಾರ ಬೀಳುವಂತೆ ಎರಡು ಅಡ್ಡತೊಲೆಯ ಮೇಲೆ ಬೋರಲಿಟ್ಟರೆ ಏಪ್ರಿಲ್‌ವರೆಗೆ ಅದರ ಗೊಡವೆ ಇಲ್ಲ.